ಎಡಗಡೆಯ ಸೈಲೆನ್ಸರ್

"ವೆಲ್ಡಿಂಗ್ ಮಾತ್ರ ಬೇಡ," ಎಂದರು ಅತ್ತೆ.

ಇದನ್ನು ಹೇಳಿದ್ದು ಯಾರ ಮುಂದೆ? ಅದೇ ಮನೆಯ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ವೆಲ್ಡಿಂಗ್ ಮಾಡಿಕೊಂಡು ಬಂದಿರುವ ಹಿರಿಸೊಸೆಯ ಮುಂದೆ. ನಮ್ಮ ಬೀದಿಯ ಮುಕ್ಕಾಲು ಪಾಲು ಗೇಟುಗಳು, ಕಿಟಕಿ ಸರಳುಗಳು, ಮೆಟ್ಟಿಲ ಕಂಬಿಗಳು ನನ್ನ ಕೈಯಲ್ಲೇ ಕೂಡಿಕೊಂಡವು. ಒಂದಾದರೂ ಬಿಟ್ಟುಕೊಂಡಿದೆ ಎಂದು ಯಾರಾದರೂ ಬಂದು ಹೇಳಲಿ. ಅಂಥ ನಾನು ಎದುರಿಗೇ ಕೂತು ಟೀ ಕುಡಿಯುತ್ತಿದ್ದರೂ ಅತ್ತೆ ನನ್ನ ವಾರಗಿತ್ತಿಯ ಕಡೆ ತಿರುಗಿ, "ಚಿಕ್ಕವಳೇ, ನೀನು ಮಾಡು. ಪೈಪ್ ಕೂಡ್ಸೋದು ನಿನ್ನ ಕೆಲಸ ತಾನೇ?" ಎಂದರು.

ಚಿಕ್ಕವಳು ನನ್ನ ಮೈದುನನ ಹೆಂಡತಿ. ಪ್ಲಂಬರ್. ಆಸ್ಪತ್ರೆ, ಹಾಸ್ಟೆಲ್ಲು ಎಂದು ದೊಡ್ಡ ಕಟ್ಟಡಗಳ ನೀರಿನ ಪೈಪಿನ ಕೆಲಸ ಅವಳದು. ಈ ಮನೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ದಿನಾ ಬೆಳಿಗ್ಗೆ ಮೈದುನ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಅವಳ ಸಾಮಾನಿನ ಚೀಲವನ್ನು ಕಾಲಬಳಿ ಇಟ್ಟುಕೊಂಡು, ರಾಣಿಯಮ್ಮನನ್ನು ಕರೆದೊಯ್ಯುವ ಹಾಗೆ ಕೆಲಸಕ್ಕೆ ಬಿಟ್ಟು ಬರುತ್ತಿದ್ದ. ನನ್ನನ್ನು ಯಾರೂ ಎಲ್ಲಿಗೂ ಹೀಗೆ ಬಿಟ್ಟು ಬಂದವರಿಲ್ಲ. ನಾನು ಕೆಲಸಕ್ಕೆ ಹೋಗಲು ಹದಿನಾರು ಮೆಟ್ಟಿಲು ಇಳಿದರೆ ಸಾಕು, ಅದು ಬೇರೆ ಮಾತು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆ ಹೊಟ್ಟೆಕಿಚ್ಚಿಗೆ ಕಾರಣವಾದ ಮೋಟಾರ್ ಸೈಕಲ್ಲಿನ ಬಗ್ಗೆಯೂ ಹೇಳಬೇಕು.

ಅದು ಅತ್ತೆಯದು. ಮಾವನದಲ್ಲ, ಅತ್ತೆಯದೇ. ಅತ್ತೆ ಊರಿನ ಆಸ್ಪತ್ರೆಯಿಂದ ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ನರ್ಸ್ ಆಗಿದ್ದರು. ಎರಡು ಸಿಲಿಂಡರಿನ, ಎರಡೂ ಪಕ್ಕಕ್ಕೆ ಒಂದೊಂದು ಸೈಲೆನ್ಸರ್ ಇರುವ ಆ ಹಳೆಯ ಗಾಡಿಯ ಮೇಲೆ ಮೂವತ್ತು ವರ್ಷ ಓಡಾಡಿದರು. ಮಂಡಿ ಕೈಕೊಟ್ಟ ಮೇಲೆ ಗಾಡಿ ಶೆಡ್ಡಿನ ಮೂಲೆ ಸೇರಿತು. ನಾನು ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡಿ, ಒಂದು ಸುತ್ತು ಹೋಗಿ ಬರುತ್ತಿದ್ದೆ. ನನಗೆ ಗಾಡಿ ಓಡಿಸಲು ಕಲಿಸಿದ್ದೂ ಅತ್ತೆಯೇ, ನನ್ನ ಮದುವೆಯಾದ ಎರಡನೆಯ ವರ್ಷ. ಈಚೆಗೆ ಎರಡು ಸೈಲೆನ್ಸರುಗಳೂ ತುಕ್ಕು ತಿಂದು, ಬೆರಳಿಟ್ಟರೆ ಒಳಗೆ ಹೋಗುವ ಹಾಗಾಗಿದ್ದವು. ಚಾಲೂ ಮಾಡಿದರೆ ಬೀದಿಯ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಹೊಸ ಸೈಲೆನ್ಸರ್ ಹಾಕಿಸಲು ಈಗ ಅವಸರವೇಕೆಂದರೆ, ಅತ್ತೆಯ ಜೊತೆ ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದ ಒಬ್ಬರು ಗೆಳತಿ ಇದ್ದರು. ದಪ್ಪ ಕನ್ನಡಕದವರು, ನಾವೆಲ್ಲ ಕನ್ನಡಕದಮ್ಮ ಎನ್ನುತ್ತಿದ್ದೆವು. ಊರಿನ ಆ ತುದಿಯಲ್ಲಿ ಮನೆ. ಹಿಂದೆಲ್ಲ ಅತ್ತೆಯ ಗಾಡಿ ಬೀದಿಯ ತಿರುವಿಗೆ ಬರುವಾಗಲೇ ಸದ್ದು ಗುರುತಿಸಿ, ಬಾಗಿಲು ತೆಗೆದು, ಟೀಗೆ ನೀರಿಡುತ್ತಿದ್ದರಂತೆ. ಅವರು ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ದೂರದ ತಂಗಿಯ ಮನೆಗೆ ಹೊರಟಿದ್ದರು. ಅದಕ್ಕೆ ಮುಂಚೆ ಒಂದು ಸಲ ಅದೇ ಗಾಡಿಯಲ್ಲಿ, ಅದೇ ಸದ್ದಿನಲ್ಲಿ ಅವರ ಬಾಗಿಲಿಗೆ ಹೋಗಬೇಕೆಂಬುದು ಅತ್ತೆಯ ಹಟ. ಹಿಂದಿನ ಸೀಟಿನಲ್ಲಿ ಕೂತಾದರೂ ಸರಿ.

ಮುಂದೆ ಯಾರು? ನನ್ನ ಗಂಡ, ಮೈದುನ ಇಬ್ಬರಿಗೂ ಆ ಪುಣ್ಯವಿಲ್ಲವೆಂದು ಅತ್ತೆ ಮೊದಲೇ ಹೇಳಿದ್ದರು. "ಗಂಡುಮಕ್ಳ ಹಿಂದೆ ನಾನು ಕೂರಲ್ಲ. ಗೇರ್ ಹಾಕೋದು ಬಾಗಿಲು ಒದ್ದಂಗೆ ಹಾಕ್ತಾರೆ." ಉಳಿದವರು ನಾವಿಬ್ಬರು. ಒಂದು ವಾರದ ಹಿಂದೆ ಯಾರಾದರೂ ಕೇಳಿದ್ದರೆ, ಇನ್ಯಾರು, ನಾನೇ ಎಂದಿರುತ್ತಿದ್ದೆ. ಆದರೆ ಈಗ ಸೈಲೆನ್ಸರಿನ ಕೆಲಸ ಚಿಕ್ಕವಳ ಪಾಲಾಗಿತ್ತು. ಸರಿಮಾಡಿದವಳೇ ಓಡಿಸುತ್ತಾಳೆ, ಅಷ್ಟೇ ತಾನೇ? ಅತ್ತೆಯ ಎರಡು ಕೈ ಹೊರಡುವ ದಿನ ಯಾರ ಭುಜದ ಮೇಲಿರುತ್ತವೆ ಎನ್ನುವುದೊಂದೇ ನನ್ನ ತಲೆಯಲ್ಲಿ ತಿರುಗತೊಡಗಿತು.

ಹೊಸ ಸೈಲೆನ್ಸರುಗಳು ಗುರುವಾರ ಬಂದವು. ಇವು ಪೈಪಿನ ಮೇಲೆ ತೊಡಿಸಿ, ಕ್ಲಾಂಪು ಬಿಗಿದು ನಿಲ್ಲಿಸುವಂಥವು. ಎಂಜಿನ್ನಿನಿಂದ ಬಾಗಿ ಇಳಿದು ಬರುವ ಬೆಂಡ್ ಪೈಪು ಹಳೆಯದೇ, ಕ್ರೋಮಿನ ಹೊಳಪು ಇನ್ನೂ ಹೋಗಿರಲಿಲ್ಲ. ಅದರ ತುದಿಗೆ ಸೈಲೆನ್ಸರಿನ ಕುತ್ತಿಗೆಯನ್ನು ತೂರಿಸಬೇಕು. ಚಿಕ್ಕವಳು ವರ್ನಿಯರ್ ಹಿಡಿದು ಅಳೆದಳು. ಬೆಂಡ್ ಪೈಪು ಮೂವತ್ತೆಂಟು, ಸೈಲೆನ್ಸರಿನ ಕುತ್ತಿಗೆ ಒಳಗಡೆ ನಲವತ್ತೊಂದು. ಮೂರು ಮಿಲಿಮೀಟರು ಸಡಿಲ.

ನಾನು ಪಕ್ಕದಲ್ಲೇ ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದೆ. ಮುಖಕ್ಕೆ ಹಿಡಿದ ಕಪ್ಪು ಗಾಜನ್ನು ಕೆಳಗಿಳಿಸಿ, "ಒಳ್ಳೇದಾಯ್ತು, ಒಂದು ಸುತ್ತು ರಾಡ್ ಓಡ್ಸಿದ್ರೆ ಹತ್ತು ನಿಮಿಷದ ಕೆಲಸ" ಎಂದೆ.

"ಅತ್ತೆ ಬೇಡ ಅಂದಿದಾರಲ್ಲ ಅಕ್ಕ," ಎಂದಳು, ತಲೆ ಎತ್ತದೆ. "ಒಂದೂವರೆ ಮಿಲಿಮೀಟರ್ ತಗಡು ಒಂದು ಸುತ್ತು ಕೊಟ್ರೆ ಸರಿಯಾಗ್ಬಿಡತ್ತೆ."

ತಗಡು ನನ್ನದೇ ರಾಶಿಯಿಂದ ಆರಿಸಿಕೊಂಡಳು. ಅದನ್ನು ಪಟ್ಟಿಯಾಗಿ ಕತ್ತರಿಸಿ, ಪೈಪಿಗೆ ಸುತ್ತಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಳೆಯ ಹಾಗೆ ಕೂರಿಸಿದಳು. ಸೈಲೆನ್ಸರಿನ ಕುತ್ತಿಗೆಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ನಾಲ್ಕು ಸೀಳು ಹಾಕಿದಳು, ಕ್ಲಾಂಪು ಹಿಂಡಿದಾಗ ಕುತ್ತಿಗೆ ಒಳಕ್ಕೆ ಮುದುಡಲೆಂದು. ತಗಡಿನ ಸಂದು ಸೀಳಿನ ನೇರಕ್ಕೆ ಬಾರದಂತೆ ತಿರುಗಿಸಿಟ್ಟಳು. ಕೆಲಸ ಅಚ್ಚುಕಟ್ಟಾಗಿತ್ತು. ಒಂದಿಷ್ಟು ಒರಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದರು. ಕುರ್ಚಿಯನ್ನು ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡರು. ತೊಡೆಯ ಮೇಲೆ ಏನೋ ಸುರುಳಿ ಇತ್ತು. ನೋಡಿದರೆ ಅವರ ಸ್ಪ್ಯಾನರುಗಳ ಕ್ಯಾನ್ವಾಸ್ ಸುರುಳಿ! ಗಾಡಿಯ ಜೊತೆಗೇ ಬಂದದ್ದು. ಒಂದೊಂದು ಸ್ಪ್ಯಾನರಿಗೂ ಒಂದೊಂದು ಜೇಬು ಹೊಲಿದದ್ದು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಬಿಚ್ಚಲು ನನಗೆ ಒಂದು ಸಲವೂ ಕೊಟ್ಟಿರಲಿಲ್ಲ. ನಾನು ಕೇಳಿದಾಗಲೆಲ್ಲ "ನಿನ್ನ ಹತ್ರ ಬೇಕಾದಷ್ಟಿವೆಯಲ್ಲ" ಎನ್ನುತ್ತಿದ್ದರು. ಈಗ ತಾವೇ ದಾರ ಬಿಚ್ಚಿ, ಚಿಕ್ಕವಳ ಮುಂದೆ ಹರಡಿದರು.

"ತಗೋ, ಯಾವುದು ಬೇಕೋ."

ಮೈಯೆಲ್ಲ ಉರಿದುಹೋಯಿತು. ಗೇಟಿನ ಒಂದು ಮೂಲೆಗೆ ಬೇಕಿಲ್ಲದಿದ್ದರೂ ಎರಡು ರಾಡು ಸುಟ್ಟೆ. ಆ ಗೇಟಿನ ಮೂಲೆಯಲ್ಲಿ ಈಗಲೂ ಮುಷ್ಟಿ ಗಾತ್ರದ ಉಂಡೆ ಇದೆ.

ಶುಕ್ರವಾರ ಸಂಜೆ ಕೆಲಸ ಒಂದು ಹಂತಕ್ಕೆ ಬಂತು. ಚಿಕ್ಕವಳು ಮೊದಲು ಎಲ್ಲವನ್ನೂ ಸಡಿಲವಾಗಿ ಸಿಕ್ಕಿಸಿದಳು. ಆಮೇಲೆ ಎಂಜಿನ್ ಹತ್ತಿರದ ನಟ್ಟು, ಆಮೇಲೆ ಹಿಂದೆ ಸೈಲೆನ್ಸರನ್ನು ಹಿಡಿದಿಡುವ ಬ್ರಾಕೆಟ್ಟು, ಕೊನೆಗೆ ಕುತ್ತಿಗೆಯ ಕ್ಲಾಂಪು, ಹೀಗೆ ಒಂದೊಂದಾಗಿ ಬಿಗಿದಳು. ಎದ್ದು, ಕೈ ಒರೆಸಿಕೊಂಡು, "ಅಕ್ಕ, ಒಂಚೂರು ಒದೀತೀರಾ?" ಎಂದಳು.

ಒದೆಯುವುದು ಎಂದರೆ ಕಿಕ್ ಹೊಡೆದು ಚಾಲೂ ಮಾಡುವುದು. ಕತ್ತೆ ಕೆಲಸಕ್ಕೆ ಅಕ್ಕ ಬೇಕು, ಹೆಸರಿಗೆ ಇವಳು! ಆದರೂ ಅತ್ತೆ ನೋಡುತ್ತಿದ್ದರು. ಹೋಗಿ ಒದ್ದೆ. ಮೂರನೆಯ ಒದೆತಕ್ಕೆ ಎಂಜಿನ್ ಎದ್ದಿತು. ಬಲಗಡೆ ಸದ್ದು ದಪ್ಪಗೆ, ಸಮನಾಗಿ ಬಂತು. ಎಡಗಡೆ ಕೂಡಿದ ಕಡೆಯಿಂದ ಪುಸ್ ಪುಸ್ ಎಂದು ಹೊಗೆ ಬಿಡುತ್ತಿತ್ತು.

"ಸೋರ್ತಿದೆಯಲ್ಲಮ್ಮ," ಎಂದೆ. ಧ್ವನಿಯಲ್ಲಿದ್ದ ಖುಷಿಯನ್ನು ಅಡಗಿಸಲು ಆಗಲಿಲ್ಲ.

"ಸೋರತ್ತೆ ಅಕ್ಕ, ಮೊದಲ ಸಲ ಹಂಗೇ. ಬಿಸಿಯಾಗಿ ಆರಿದ್ಮೇಲೆ ಇನ್ನೊಂದು ಚೂರು ಬಿಗಿ ಮಾಡ್ಬೇಕು. ಎರಡು ಮೂರು ಸಲ ಹಂಗೆ ಮಾಡಿದ್ರೆ ಕೂತ್ಕೊಳತ್ತೆ. ನಾಳೆ ನೋಡೋಣ."

"ನೋಡ್ದೆಯಾ, ಎಷ್ಟು ತಾಳ್ಮೆ!" ಎಂದು ಅತ್ತೆ ಗಾಡಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಊಟದ ಹೊತ್ತಿಗೆ ನಾನು ಅಡುಗೆಮನೆಯಲ್ಲಿದ್ದೆ. ಇವರಿಬ್ಬರೂ ನಡುಮನೆಯಲ್ಲಿದ್ದರು. ಚಿಕ್ಕವಳು ಕೇಳಿದಳು, "ಅತ್ತೆ, ಬಲಗಡೆ ಬೆಂಡ್ ಪೈಪಲ್ಲಿ ಒಂದು ಕಪ್ಪು ಕಲೆ ಇದೆಯಲ್ಲ, ಏನದು?"

ನನ್ನ ಕಿವಿ ನಿಮಿರಿತು. ಆ ಕಲೆ ನನ್ನದು. ಮದುವೆಯಾದ ಹೊಸತರಲ್ಲಿ ಹಳೆಯ ಸೈಲೆನ್ಸರು ಸಡಿಲವಾಗಿ ಗಡಗಡ ಎನ್ನುತ್ತಿದ್ದಾಗ, ಅತ್ತೆ ಮಲಗಿದ್ದ ಮಧ್ಯಾಹ್ನ ನಾನೇ ಬೆಸುಗೆ ಹಾಕಿ ನಿಲ್ಲಿಸಿದ್ದೆ. ಎದ್ದು ಬಂದ ಅತ್ತೆ ಬಗ್ಗಿ ನೋಡಿ, ಅಲುಗಾಡಿಸಿ, "ಗಟ್ಟಿಯಾಗಿದೆ" ಎಂದಿದ್ದರು. ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಆಮೇಲೆ ಅತ್ತೆ ಗಾಡಿ ಹತ್ತಿ ಹೋಗುವಾಗಲೆಲ್ಲ ಆ ಕಲೆಯನ್ನು ನೋಡಿ, ನನ್ನದೊಂದು ಗುರುತು ಅವರ ಜೊತೆ ಹೋಗುತ್ತಿದೆ ಎಂದುಕೊಳ್ಳುತ್ತಿದ್ದೆ.

"ದೊಡ್ಡವಳು ಬೆಸುಗೆ ಹಾಕಿ ಸುಟ್ಟಿದ್ದು," ಎಂದರು ಅತ್ತೆ, ದನಿ ತಗ್ಗಿಸಿ. "ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೆ ಆ ಕ್ರೋಮ್‌ನ! ಕಂಡಾಗಲೆಲ್ಲ ಹೊಟ್ಟೆ ಹಿಂಡಿದಂಗಾಗೋದು. ಹೊಸ ಹುಡುಗಿ, ಏನಂತ ಹೇಳೋದು, ಸುಮ್ನಾದೆ."

ಹತ್ತೊಂಬತ್ತು ವರ್ಷ ನನಗೆ ಹೇಳದ್ದನ್ನು ಎರಡು ವರ್ಷದವಳಿಗೆ ಹೇಳಿದರು. ಬೈದಿದ್ದರೆ ಅವತ್ತೇ ಅತ್ತು ಮುಗಿಸುತ್ತಿದ್ದೆ. ಊಟಕ್ಕೆ ಕೂತಾಗ ಅತ್ತೆ ಚಿಕ್ಕವಳನ್ನು ನೋಡಿ, "ಹಂಗಾದ್ರೆ ಭಾನುವಾರ ಹೊರಟೇಬಿಡೋಣ" ಎಂದರು. ಅವಳು ಹೂಂಗುಟ್ಟಿದಳು. ನಾನು ಉಂಡು ಎದ್ದೆ.

ಮಾರನೆಯ ಬೆಳಿಗ್ಗೆ ಐದೂವರೆಗೆ, ಬೆಳಕು ಹರಿಯುತ್ತಿದ್ದಂತೆ, ಶೆಡ್ಡಿಗೆ ಇಳಿದೆ. ಏನು ಮಾಡಬೇಕೆಂದು ಹಾಸಿಗೆಯಲ್ಲೇ ತೀರ್ಮಾನವಾಗಿತ್ತು. ಕೆಡಿಸಬೇಕೆಂದಲ್ಲ, ದೇವರಾಣೆಗೂ ಅಲ್ಲ. ಅವಳ ಕೆಲಸ ನಿಲ್ಲಬೇಕು, ಆದರೆ ನನ್ನಿಂದ ನಿಲ್ಲಬೇಕು. ಬೆಸುಗೆಯಿಲ್ಲದೆ ಎಷ್ಟು ಚೆನ್ನಾಗಿ ನಿಂತಿದೆ ನೋಡಿ ಎಂದು ಇವರೆಲ್ಲ ಮೆರೆಯುವಾಗ, ಒಳಗೆ ನನ್ನದೊಂದು ಚುಕ್ಕೆ ಬೆಸುಗೆ ಕೂತಿರಬೇಕು. ಅದು ನನ್ನೊಬ್ಬಳಿಗೇ ಗೊತ್ತಿದ್ದರೆ ಸಾಕು. ಇಷ್ಟು ವರ್ಷ ಕೂಡಿಸಿದ್ದೆಲ್ಲ ಬೆಂಕಿಯಲ್ಲೇ ಆದ್ದರಿಂದ, ಬರೀ ಹಿಂಡಿ ನಿಲ್ಲಿಸಿದ್ದನ್ನು ನಂಬಲು ನನ್ನ ಕೈ ಒಪ್ಪುತ್ತಲೂ ಇರಲಿಲ್ಲ.

ಗಾಡಿಯ ಕಬ್ಬಿಣಕ್ಕೆ ವೆಲ್ಡಿಂಗ್ ಯಂತ್ರದ ಅರ್ತ್ ವೈರು ಸಿಕ್ಕಿಸಿದೆ. ಇದ್ದುದರಲ್ಲಿ ತೆಳ್ಳನೆಯ ರಾಡು ಆರಿಸಿದೆ. ನೆಲದ ಮೇಲೆ ಮಲಗಿ, ಎಡಗಡೆಯ ಕುತ್ತಿಗೆ ಬೆಂಡ್ ಪೈಪನ್ನು ಸೇರುವಲ್ಲಿ, ನೆಲದ ಕಡೆಗೆ, ಒಂದೇ ಒಂದು ಚುಕ್ಕೆ ಹಾಕಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅವರೆಕಾಳಿನಷ್ಟು ಬೆಸುಗೆ, ಸುತ್ತ ನೀಲಿ ಉಂಗುರ. ಬಗ್ಗಿ ನೋಡಿದ ಹೊರತು ಕಾಣದು. ಮೇಲೆ ಹೋಗಿ ಎಲ್ಲರಿಗೂ ಟೀ ಮಾಡಿದೆ, ಚಿಕ್ಕವಳಿಗೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದೆ.

ಹತ್ತು ಗಂಟೆಗೆ ಮತ್ತೆ "ಅಕ್ಕ, ಒದೀರಿ" ಬಂತು. ಒದ್ದೆ. ಎಂಜಿನ್ ಹತ್ತು ನಿಮಿಷ ಓಡಿ ಬಿಸಿಯಾಯಿತು, ನಿಲ್ಲಿಸಿದೆವು, ಆರಿತು. ಚಿಕ್ಕವಳು ಬಲಗಡೆಯ ಕ್ಲಾಂಪನ್ನು ಕಾಲು ಸುತ್ತು ಬಿಗಿದಳು. ಹಿತವಾಗಿ ಕೂತಿತು. ಎಡಗಡೆಗೆ ಬಂದಳು. ಕಾಲು ಸುತ್ತು ತಿರುಗಿಸಿ, ಬೆರಳಿನಿಂದ ಸೀಳನ್ನು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದಳು. ಸೀಳು ಮುದುಡುತ್ತಿರಲಿಲ್ಲ. ಇನ್ನಷ್ಟು ಬಿಗಿದಳು. ಇನ್ನೂ ಅರ್ಧ ಸುತ್ತು.

ಟಿಕ್ ಎಂದಿತು.

ನನಗೆ ಆ ಸದ್ದು ಗೊತ್ತು. ತಗಡು ಹರಿಯುವ ಸದ್ದು. ನನ್ನ ಚುಕ್ಕೆ ಒಂದು ಪಕ್ಕವನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತ್ತು. ಹಿಂಡಿದ ಬಲವೆಲ್ಲ ಪಕ್ಕದ ಸೀಳಿನ ಮೇಲೆ ಬಿದ್ದು, ಸೀಳಿನ ತುದಿಯಿಂದ ತೆಳು ಕುತ್ತಿಗೆ ಬೆರಳುದ್ದ ಹರಿದುಕೊಂಡಿತು. ಹತ್ತೊಂಬತ್ತು ವರ್ಷ ವೆಲ್ಡಿಂಗ್ ಮಾಡಿದವಳಿಗೆ ಇಷ್ಟೂ ಮೊದಲೇ ಹೊಳೆಯಬಾರದೇ?

ಚಿಕ್ಕವಳು ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿದಳು. ಬಹಳ ಹೊತ್ತು ಏಳಲಿಲ್ಲ. ಅವಳು ಏಳುವುದು, ಅತ್ತೆಗೆ ಹೇಳುವುದು, ಅತ್ತೆ ನನ್ನ ಕಡೆ ತಿರುಗುವುದು, ಮೂರನ್ನೂ ನಾನು ಮೊದಲೇ ಕಂಡೆ. ಅವಳು ಎದ್ದಳು. ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಅತ್ತೆಯ ಕಡೆ ತಿರುಗಿ, "ನಾನೇ ಜಾಸ್ತಿ ಬಿಗಿ ಮಾಡ್ಬಿಟ್ಟೆ ಅತ್ತೆ. ಕುತ್ತಿಗೆ ಹರ್ಕೊಂಡಿದೆ" ಎಂದಳು.

"ಅಯ್ಯೋ, ಹೋಗ್ಲಿ ಬಿಡು," ಎಂದರು ಅತ್ತೆ. "ಮಾಡೋರ ಕೈಲೇ ತಪ್ಪಾಗೋದು."

ಅಲ್ಲಿಗೆ ನಾನು ಬಚಾವ್. ನಿಟ್ಟುಸಿರು ಬಿಟ್ಟು ಗೇಟಿನ ಕೆಲಸಕ್ಕೆ ಹೋಗಬೇಕಿತ್ತು. ಆದರೆ ನಿಟ್ಟುಸಿರಿನ ಬದಲು ಮತ್ತೆ ಉರಿ ಎದ್ದಿತು, ಮೊದಲಿಗಿಂತ ಹೆಚ್ಚು. ಸೈಲೆನ್ಸರು ಅವಳದಾಯಿತು, ಸ್ಪ್ಯಾನರು ಅವಳದಾಯಿತು, ಅತ್ತೆಯ ಮನಸ್ಸಿನ ಮಾತು ಅವಳದಾಯಿತು. ಈಗ ನನ್ನ ತಪ್ಪನ್ನೂ ತೆಗೆದುಕೊಂಡು ದೊಡ್ಡ ಮನಸ್ಸಿನವಳಾಗಿಬಿಟ್ಟಳು!

"ಅದು ನಿನ್ನ ತಪ್ಪಲ್ಲ!" ಎಂದು ಕೂಗಿಯೇಬಿಟ್ಟೆ. "ಅದು ನಂದು. ಬೆಳಿಗ್ಗೆ ನಾನು ಕೆಳಗಡೆ ಚುಕ್ಕೆ ಬೆಸುಗೆ ಹಾಕ್ದೆ, ಅದಕ್ಕೆ ಹರೀತು. ಅದನ್ನೂ ನೀನೇ ತಗೋಬೇಡ. ಅದೊಂದಾದ್ರೂ ನಂಗಿರ್ಲಿ."

ಚಿಕ್ಕವಳು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ನಿಂತಳು. ಅತ್ತೆ ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನನ್ನು ನೋಡಿದರು.

"ಗೊತ್ತು," ಎಂದರು. "ನನ್ನ ಕಿಟಕಿ ಈ ಕಡೇಗೇ ಇರೋದು. ಬೆಳಿಗ್ಗೆ ಐದೂವರೆಗೆ ಪರದೆ ಮೇಲೆ ನೀಲಿ ಬೆಳಕು ಬಂತು. ಈ ಮನೇಲಿ ಆ ಬೆಳಕು ಹಾಕೋರು ಇನ್ಯಾರಿದಾರೆ?"

"ಮತ್ತೆ ಯಾಕೆ ಸುಮ್ನಿದ್ರಿ?" ಎಂದೆ. ಅಷ್ಟು ಹೊತ್ತಿಗೆ ನನಗೆ ಅಳು ಬಂದಿತ್ತು. "ಅವತ್ತೂ ಸುಮ್ನಿದ್ರಿ. ಗಟ್ಟಿಯಾಗಿದೆ ಅಂದ್ರಿ. ಹತ್ತೊಂಬತ್ತು ವರ್ಷ ನಾನು ಅದನ್ನ ಹೊಗಳಿಕೆ ಅಂತ ಇಟ್ಕೊಂಡಿದ್ದೆ ಅತ್ತೆ. ಕ್ರೋಮ್ ಸುಟ್ಟೆ ಅಂತ ಬೈಯ್ಬಾರದಿತ್ತಾ?"

ಅತ್ತೆಯ ಮುಖ ಸಣ್ಣದಾಯಿತು. ನಿನ್ನೆಯ ಮಾತು ನನ್ನ ಕಿವಿಗೆ ಬಿದ್ದಿದೆ ಎಂದು ಅವರಿಗೆ ಆಗ ಹೊಳೆಯಿತು. "ಗಟ್ಟಿಯಾಗೇ ಇತ್ತಲ್ಲೇ," ಎಂದರು ಮೆಲ್ಲಗೆ. "ಸುಳ್ಳೇನು ಹೇಳ್ಲಿಲ್ಲ ನಾನು." ಕೋಲನ್ನು ನೆಲಕ್ಕೆ ಊರಿ, "ಬೈಯ್ಬೇಕಿತ್ತು. ತಪ್ಪಾಯ್ತು. ಈಗ ಬೈತೀನಿ ತಗೋ. ಬೇಡ ಅಂದ್ರೆ ಬೇಡ ಅಷ್ಟೇ, ಕಳ್ಳಿ ಥರ ಬಂದು ಬೆಂಕಿ ಹಚ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಆಗತ್ತೆ," ಎಂದೆ.

"ಹಂಗಾದ್ರೆ ಅಳೋದು ಬಿಟ್ಟು ಅದನ್ನ ತೆಗಿ. ನಾಳೆ ಹೋಗ್ಬೇಕು ನಾನು."

ತೆಗೆಯುವುದೇನು ಸುಲಭದ ಮಾತೇ? ಗ್ರೈಂಡರ್ ಹಚ್ಚಿದರೆ ಉಳಿದ ಕ್ರೋಮೂ ಹೋಗುತ್ತದೆ. ಸಣ್ಣ ಅರ ಹಿಡಿದು ಎರಡು ಗಂಟೆ ಕೈಯಲ್ಲೇ ಉಜ್ಜಿದೆ. ಹಾಕುವಾಗ ಒಂದು ಕ್ಷಣ, ತೆಗೆಯುವಾಗ ಎರಡು ಗಂಟೆ. ಅಷ್ಟರಲ್ಲಿ ಚಿಕ್ಕವಳು ಸೈಲೆನ್ಸರಿನ ಹರಿದ ಕುತ್ತಿಗೆಯನ್ನು ಎರಡು ಬೆರಳಿನಷ್ಟು ಕತ್ತರಿಸಿ, ಅಂಚು ನುಣುಪು ಮಾಡಿ, ಹೊಸದಾಗಿ ಸೀಳು ಹಾಕಿದಳು. ಪುಣ್ಯಕ್ಕೆ ಕುತ್ತಿಗೆ ಉದ್ದವಿತ್ತು. ಆದರೆ ಪೈಪಿನ ಮೇಲೆ ಸಾಕಷ್ಟು ಹಿಡಿತ ಸಿಗಬೇಕಾದರೆ ಇಡೀ ಸೈಲೆನ್ಸರನ್ನು ಎರಡು ಬೆರಳು ಮುಂದಕ್ಕೆ ತಳ್ಳಬೇಕಾಯಿತು. ತಳ್ಳಿದಾಗ ಹಿಂದಿನ ಬ್ರಾಕೆಟ್ಟಿನ ತೂತಿಗೆ ಬೋಲ್ಟು ಎಟುಕಲಿಲ್ಲ.

ಚಿಕ್ಕವಳು ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. "ಅಕ್ಕ, ಇಲ್ಲಿ ನಂಗೆ ಏನೂ ತೋಚ್ತಿಲ್ಲ," ಎಂದಳು.

ಈ ಒಂದು ಮಾತು ಎಷ್ಟು ಸಿಹಿಯಾಗಿತ್ತೆಂದರೆ, ಅವಳಿಂದ ಇನ್ನೊಮ್ಮೆ ಹೇಳಿಸಬೇಕೆನಿಸಿತು. ದಪ್ಪ ಪಟ್ಟಿಯೊಂದನ್ನು ತುಂಡು ಮಾಡಿ, ವೈಸಿನಲ್ಲಿ ಹಿಡಿದು, ಗಾಡಿಯ ಮೈ ಬಾಗಿದ ಕಡೆ ಬಾಗಿಸಿ, ಎರಡು ತೂತು ಕೊರೆದೆ. ಒಂದು ತುದಿ ಬ್ರಾಕೆಟ್ಟಿಗೆ, ಇನ್ನೊಂದು ತುದಿ ಸೈಲೆನ್ಸರಿಗೆ. ಬರೀ ಬೋಲ್ಟು, ವಾಷರು. ಬೆಸುಗೆಯ ಸೋಂಕೂ ಇಲ್ಲ. ಬೋಲ್ಟು ಹಾಕುವಾಗ ನನ್ನ ಸ್ಪ್ಯಾನರಿಗೆ ಕೈ ಚಾಚಿದೆ. ಅತ್ತೆ ತಮ್ಮ ಸುರುಳಿಯಿಂದ ಹದಿನಾಲ್ಕನೇ ನಂಬರಿನದನ್ನು ಎಳೆದು ನನ್ನ ಕೈಗಿಟ್ಟರು. ಹಿಡಿಕೆ ಸವೆದು ತಣ್ಣಗಿತ್ತು. ಕೆಲಸ ಮುಗಿದ ಮೇಲೂ ಸುಮ್ಮನೆ ಇನ್ನೆರಡು ಸಲ ಆ ಬೋಲ್ಟನ್ನು ಬಿಗಿದೆ.

ಸಂಜೆಯೊಳಗೆ ಎರಡು ಸಲ ಬಿಸಿ ಮಾಡಿ, ಆರಿಸಿ, ಬಿಗಿದೆವು. ಚಿಕ್ಕವಳು ಸಂದಿನ ಹತ್ತಿರ ಅಂಗೈ ಹಿಡಿದು, "ಗಾಳಿ ಬರ್ತಿಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಅತ್ತೆ ಹಳೆಯ ಕೋಟು, ಹೆಲ್ಮೆಟ್ಟು ಹಾಕಿಕೊಂಡು ಸಿದ್ಧರಾದರು. ನಾನು ಬೇಕೆಂದೇ ಮಾಸಿದ ಬಟ್ಟೆಯಲ್ಲೇ ಇದ್ದೆ. ಇಷ್ಟೆಲ್ಲ ಮಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಆಸೆಪಡಲಿ? ಆಸೆ ಮಾತ್ರ ಹೋಗಿರಲಿಲ್ಲ, ಅದೇ ಕಷ್ಟ. ನಲ್ಲಿಯ ಹತ್ತಿರ ನಿಂತು, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದೆ.

"ಅಕ್ಕ, ಒದೀರಿ," ಎಂದಳು ಚಿಕ್ಕವಳು.

ಹಲ್ಲು ಕಚ್ಚಿಕೊಂಡು ಹೋಗಿ ಒದ್ದೆ. ಒಂದೇ ಒದೆತಕ್ಕೆ ಎರಡು ಸೈಲೆನ್ಸರೂ ಒಟ್ಟಿಗೆ ಮಾತಾಡಿದವು. ಗಾಡಿಯಿಂದ ಇಳಿದು, ಹ್ಯಾಂಡಲ್ ಹಿಡಿದುಕೊಂಡೇ ಪಕ್ಕಕ್ಕೆ ಸರಿದೆ. "ತಗೋ. ಎರಡನೇ ಗೇರ್ ಸ್ವಲ್ಪ ಗಡಸು, ಅತ್ತೆ ಹಿಂದೆ ಇರ್ತಾರೆ, ನೋಡ್ಕೊಂಡು ಹಾಕು."

ಚಿಕ್ಕವಳು ಕಣ್ಣು ಕಣ್ಣು ಬಿಟ್ಟಳು. "ಯಾರು, ನಾನಾ?"

"ಮತ್ತೆ?"

"ನಂಗೆ ಗಾಡಿ ಓಡ್ಸೋಕೆ ಬರಲ್ಲ ಅಕ್ಕ. ಸೈಕಲ್ಲೂ ಬರಲ್ಲ. ಬ್ಯಾಲೆನ್ಸೇ ಇಲ್ಲ ನಂಗೆ." ನಾಚಿಕೆಯಿಂದ ನಕ್ಕಳು. "ಬಂದಿದ್ರೆ ದಿನಾ ನಿಮ್ಮ ಮೈದುನನ ಕಾಲು ಹಿಡೀತಿದ್ನಾ, ಬಿಟ್ಟು ಬನ್ನಿ ಅಂತ? ಪ್ರತಿ ಸಲ ನಿಮ್ಮನ್ನ ಒದೀರಿ ಅಂತಿದ್ದೆ, ಗೊತ್ತಾಗ್ಲಿಲ್ವಾ?"

ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಇವಳು ಓಡಿಸ್ತಾಳೆ ಅಂತ ಯಾರು ಹೇಳಿದ್ರು ನಿಂಗೆ? ಓಡ್ಸೋಕೆ ನಾನು ಕಲಿಸಿದ್ದು ಯಾರಿಗೆ? ಪೆಟ್ರೋಲ್ ಸುಡ್ತಿದೆ, ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬಾ."

ಹದಿನಾರು ಮೆಟ್ಟಿಲನ್ನು ಎಷ್ಟು ಹೆಜ್ಜೆಗೆ ಹತ್ತಿದೆನೋ ಗೊತ್ತಿಲ್ಲ.

ದಾರಿಯುದ್ದಕ್ಕೂ ಅತ್ತೆಯ ಎರಡೂ ಕೈ ನನ್ನ ಭುಜದ ಮೇಲಿದ್ದವು. ನಾನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬದಲಾಯಿಸಿದೆ. ಸ್ವರ್ಗಕ್ಕೆ ಮೂರೇ ಗೇಣು ಇತ್ತು, ಅತ್ತೆ ಬಾಯಿ ತೆರೆಯುವ ತನಕ. ತೆರೆದವರು ಮುಚ್ಚಲಿಲ್ಲ. ಚಿಕ್ಕವಳ ಅಳತೆ ನೋಡು, ಚಿಕ್ಕವಳ ಸಮಾಧಾನ ನೋಡು, ಆ ತಗ್ಡು ಸುತ್ತೋ ಉಪಾಯ ಎಂಥವರಿಗೂ ಬರಲ್ಲ. ಸೇತುವೆ ದಾಟುವವರೆಗೆ ಚಿಕ್ಕವಳು, ಮಾರುಕಟ್ಟೆ ದಾಟುವವರೆಗೂ ಚಿಕ್ಕವಳು. ಕೈ ನನ್ನ ಭುಜದ ಮೇಲೆ, ಮಾತೆಲ್ಲ ಅವಳ ಮೇಲೆ.

ಕನ್ನಡಕದಮ್ಮನ ಬೀದಿಯ ತಿರುವಿನಲ್ಲಿ ಅತ್ತೆ ಥಟ್ಟನೆ ಸುಮ್ಮನಾದರು. ಬೆರಳುಗಳು ನನ್ನ ಭುಜವನ್ನು ಹಿಂಡಿದವು. ನಾನು ವೇಗ ತಗ್ಗಿಸಿದೆ. ಮನೆ ಇನ್ನೂ ಹತ್ತು ಹೆಜ್ಜೆ ದೂರವಿರುವಾಗಲೇ ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದ ಮುದುಕಿಯ ಕನ್ನಡಕ ಹಣೆಯ ಮೇಲಿತ್ತು. ಅವರು ನೋಡಲೇ ಇಲ್ಲ, ಸದ್ದು ಕೇಳಿಯೇ ಬಂದಿದ್ದರು.

"ನೀರಿಟ್ಟಿದೀನಿ ಕಣೇ," ಎಂದರು.

ಅತ್ತೆ ಹೆಲ್ಮೆಟ್ ತೆಗೆಯದೆಯೇ ಅತ್ತರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಕನ್ನಡಕದಮ್ಮ ಕನ್ನಡಕ ಇಳಿಸಿ ಗಾಡಿಯ ಸುತ್ತ ಒಂದು ಸುತ್ತು ಬಂದರು. "ಹೊಸಾ ಸೈಲೆನ್ಸರಾ? ಯಾರು ಮಾಡಿದ್ದು?"

ಅತ್ತೆ ನನ್ನನ್ನು ನೋಡಿದರು. ನಾನೇ ಹೇಳಬೇಕಾಯಿತು.

"ನನ್ನ ವಾರಗಿತ್ತಿ ಮಾಡಿದ್ದು," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಾಗಲಿಲ್ಲ. "ಎಡಗಡೆ ಆ ಪಟ್ಟಿ ಮಾತ್ರ ನಂದು."

ಕನ್ನಡಕದಮ್ಮ ಬಗ್ಗಿ, ಬೆರಳುದ್ದದ ಆ ಕಬ್ಬಿಣದ ತುಂಡನ್ನು ನೋಡಿದರು. "ಇಷ್ಟೇನಾ?"

"ಅದಿಲ್ದಿದ್ರೆ ಎಡಗಡೇದು ಸೇತುವೆ ಹತ್ರಾನೇ ಬಿದ್ದುಹೋಗಿರೋದು," ಎಂದರು ಅತ್ತೆ, ಗೆಳತಿಗೆ ಗದರಿಸುವ ಹಾಗೆ.

ನಾನು ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ. ಅದು ಬಿಚ್ಚಿರಲಿಲ್ಲ.

ವಾಪಸ್ಸು ಬರುವಾಗ ಸೇತುವೆಯ ಹತ್ತಿರ ಅತ್ತೆ ನನ್ನ ಕಿವಿಯ ಬಳಿ ಬಾಗಿ, "ದೊಡ್ಡವಳೇ, ಚಿಕ್ಕವಳಿಗೆ ಗಾಡಿ ಕಲಿಸ್ಬೇಕು ನೀನು" ಎಂದರು.

ಹಿಂದಿನ ಸೀಟು ಒಂದೇ, ಅತ್ತೆಯೂ ಒಬ್ಬರೇ. ಅವಳು ಕಲಿತುಬಿಟ್ಟರೆ ಮುಂದಿನ ಸಲ ಈ ಎರಡು ಕೈ ಯಾರ ಭುಜದ ಮೇಲೆ? ಎಲ್ಲ ತಣ್ಣಗಾಯಿತೆಂದುಕೊಂಡಿದ್ದೆ, ಇಲ್ಲ, ಹೊಟ್ಟೆಯೊಳಗೆ ಮತ್ತೆ ಹೊತ್ತಿಕೊಂಡಿತು.

"ಏನೂ ಕೇಳಿಸ್ಲಿಲ್ಲ ಅತ್ತೆ," ಎಂದು ಕೂಗಿದೆ. "ಸೈಲೆನ್ಸರ್ ಸದ್ದು!"

"ಸೈಲೆನ್ಸರ್ ಚೆನ್ನಾಗೇ ಇದೆ," ಎಂದರು ಅತ್ತೆ, ಮೆತ್ತಗೆ. ಅಷ್ಟು ಮೆತ್ತಗೆ ಹೇಳಿದರೂ ಒಂದೊಂದು ಅಕ್ಷರವೂ ನನಗೆ ಕೇಳಿಸಿತು. "ಮುಂದಿನ ಭಾನುವಾರದಿಂದ ಶುರು ಮಾಡು."

ಸೇತುವೆ ಮುಗಿಯಿತು. ಅತ್ತೆಯ ಕೈಗಳು ಭುಜದ ಮೇಲೆ ಹಾಗೇ ಇದ್ದವು, ಕಾಯುತ್ತಿದ್ದವು.

"ಮೊದಲು ಸೈಕಲ್ ಕಲೀಲಿ," ಎಂದೆ.